ಗಂಡನಿಗೊಂದು ಆಪರೇಷನ್

ಸುನ್ನತಿ ಮಾಡಿಸಿಕೊಳ್ಳಿ ಎಂದು ಮಾದೇವಿ ಮೂರು ದಿನದಿಂದ ಗಂಡನ ಬೆನ್ನು ಹತ್ತಿದ್ದಳು. ಮಗ್ಗದ ರಿಪೇರಿಗೆಂದು ತಿಂಗಳಿಗೆ ಹದಿನೈದು ದಿನ ಮಹಾರಾಷ್ಟ್ರದ ಇಚಲಕರಂಜಿಯಲ್ಲೇ ಇರುವ ಕಾಡಪ್ಪ ರೊಟ್ಟಿಯ ತಾಟನ್ನು ಪಕ್ಕಕ್ಕೆ ಸರಿಸಿದ.

"ನಮ್ಮ ಮಂದ್ಯಾಗ ಯಾರರೆ ಮಾಡಿಸ್ತಾರೇನ? ಅವ್ವಗ ಗೊತ್ತಾದ್ರ ಎದಿ ಒಡಕೊಂತಾಳ. ಈ ವಯಸ್ಸಿನ್ಯಾಗ ನನಗ್ಯಾಕ ಇದು?"

"ಗಂಡಸರಿಗೆ ಎಚ್‌ಐವಿ ತಗಲೂದು ಅರ್ಧಕ್ಕರ್ಧ ಕಡಿಮಿ ಆಕ್ಕೈತಂತ್ರಿ. ದವಾಖಾನಿ ಅಕ್ಕಾರು ಹೇಳ್ಯಾರ. ಸೋಮವಾರ ಕರಕೊಂಡ ಬಾ ಅಂದಾರ."

ಕಾಡಪ್ಪ ಎದ್ದ, ಕುಳಿತ, ಮತ್ತೆ ಎದ್ದು ಹೋಗಿ ಬಾಗಿಲು ಹಾಕಿ ಬಂದ. ಯಾರೋ ಇವಳ ಕಿವಿಯೂದಿದ್ದಾರೆ ಎನ್ನುವುದು ಅವನಿಗೆ ಖಾತ್ರಿಯಾಯಿತು.

"ಯಾರ ಹೇಳಿದ್ರು ನಿನಗ?"

"ಏನ?"

"ಇಚಲಕರಂಜ್ಯಾಂದು. ಒಬ್ಬಾಕಿ ಕಡೆ ಹೋಗ್ತಿದ್ದೆ, ಖರೆ. ಆಕಿ ಇದ ಜಡ್ಡಿನಾಗ ಸತ್ತು ಎರಡ ವರ್ಷ ಆತು. ದೇವರಾಣಿ ಮಾಡಿ ಹೇಳ್ತೀನಿ, ಆಮ್ಯಾಲ ಯಾರ ಕಡೇನೂ ಹೋಗಿಲ್ಲ. ನನ್ನ ಮ್ಯಾಲ ಸಂಶೆ ಬ್ಯಾಡ."

ಮಾದೇವಿ ಅವನೆದುರು ನೆಲಕ್ಕೆ ಕುಳಿತಳು.

"ನಿಮ್ಮ ಮ್ಯಾಲ ಸಂಶೆ ಇರಲಿಲ್ರಿ. ರೋಗ ಇರೂದು ನನಗ. ಹ್ವಾದ ವಾರ ಬಸುರಿ ತಪಾಸಣಿಯೊಳಗ ಗೊತ್ತಾತು. ಹ್ವಾದ ವರ್ಷ ರಕ್ತ ಏರಿಸಿದ್ರಲ್ಲ, ಅದರಿಂದ ಬಂದೈತಿ ಅಂತ ತಿಳಕೊಂಡಿದ್ದೆ. ಇನ್ನ ನನ್ನಿಂದ ನಿಮಗ ಬರಬಾರದು ಅಂತ ಬಡಕೊಂಡೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಪರೇಷನ್ ಬ್ಯಾಡ ಬಿಡ್ರಿ ಇನ್ನ."