ಅಪ್ಪನ ಪಟ್ಟಿ

ಐದು ವರ್ಷದ ಚಂಪಾಳ ಎಡಗಣ್ಣು ದೃಷ್ಟಿ ಮಂದವಾದ ಸೋಮಾರಿ ಕಣ್ಣು. ಅದಕ್ಕೆ ಕೆಲಸ ಕೊಡಲೆಂದು, ಚೆನ್ನಾಗಿರುವ ಬಲಗಣ್ಣಿಗೆ ದಿನಾ ಎರಡು ಗಂಟೆ ಪಟ್ಟಿ ಅಂಟಿಸಬೇಕಿತ್ತು. ಮೂರು ತಿಂಗಳ ನಂತರದ ತಪಾಸಣೆಗೆ ಅವಳನ್ನು ಕರೆತಂದವನು ಅಪ್ಪ ಸಿದ್ದಲಿಂಗ, ಸಿಟಿ ಬಸ್ಸಿನ ಡ್ರೈವರ್.

ಎಡಗಣ್ಣೊಂದರಿಂದಲೇ ಅವಳು ಗೋಡೆಯ ಮೇಲಿನ ಐದನೇ ಸಾಲಿನವರೆಗೂ ಅಕ್ಷರಗಳನ್ನು ಓದಿದಳು.

"ಭೇಷ್! ಪಟ್ಟಿ ಕಿತ್ತು ಹಾಕದೆ ಹೇಗೆ ಇದ್ದೆ ಪುಟ್ಟಿ?" ಎಂದರು ಡಾಕ್ಟರಮ್ಮ.

"ನಾನು ಅತ್ರೆ ಅಪ್ಪನೂ ನನ್ನ ಥರಾನೇ ಬಲಗಣ್ಣಿಗೆ ಪಟ್ಟಿ ಹಾಕ್ಕೋತಾರೆ. ಆಗ ಅಪ್ಪಂಗೆ ಬಾಗಿಲೂ ಕಾಣಲ್ಲ, ಹೋಗಿ ಢಿಕ್ಕಿ ಹೊಡೀತಾರೆ!"

ಸಿದ್ದಲಿಂಗ ಇಪ್ಪತ್ತು ವರ್ಷದಿಂದ ಡಿಪೋದಲ್ಲಿ ಮುಚ್ಚಿಟ್ಟುಕೊಂಡು ಬಂದ ಎಡಗಣ್ಣಿನ ಗುಟ್ಟನ್ನು ಮಗಳು ನಗುನಗುತ್ತ ಹೇಳಿಬಿಟ್ಟಿದ್ದಳು.

"ನಡಿ ಮಗಳೇ, ಡ್ಯೂಟಿಗೆ ಹೊತ್ತಾಯ್ತು," ಎಂದು ಎದ್ದ.

ಡಾಕ್ಟರಮ್ಮ ಬಾಗಿಲಿಗೆ ಅಡ್ಡ ನಿಂತರು. "ಒಂದು ನಿಮಿಷ. ನೀವೂ ಕೂತ್ಕೊಳ್ಳಿ. ಬಲಗಣ್ಣು ಮುಚ್ಕೊಂಡು, ಮೇಲಿರೋ ದೊಡ್ಡ ಅಕ್ಷರ ಒಂದೇ ಒಂದು ಓದಿ."

ಅವನು ಕೂತು ಬಲಗಣ್ಣು ಮುಚ್ಚಿಕೊಂಡ. ಎದುರಿನ ಗೋಡೆ ಬರೀ ಮಂಜಾಗಿತ್ತು.

ಚಂಪಾ ಅವನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು: "ಗ ಅಪ್ಪಾ... ಗ."