ಮಿಲ್ಲಿಗೆ ಹೋದ ರಾಗಿ

ಮಿಲ್ಲಿನ ಬಾಯಿಗೆ ಕಟ್ಟಿದ್ದ ಬಟ್ಟೆಯ ತೋಳು ಉಸಿರಾಡುವಂತೆ ಉಬ್ಬಿ ಇಳಿಯುತ್ತಿತ್ತು. ಬಿಸಿ ರಾಗಿಹಿಟ್ಟಿನ ವಾಸನೆ ಬಂದರೆ ಈಗಲೂ ನನಗೆ ಶೀಳನೆರೆ ಊರಿನ ಮಿಲ್ಲಿಗೆ ಮೊದಲ ಸಲ ಹೋದ ಆ ಮಧ್ಯಾಹ್ನ ಕಾಣುತ್ತದೆ. ದಿನವೂ ಕೋಳಿ ಕೂಗುವ ಮೊದಲೇ ಎದ್ದು ರಾಗಿಕಲ್ಲು ಬೀಸುತ್ತಿದ್ದ ನನ್ನ ಬಸುರಿ ಅಮ್ಮ, ಒಂದು ಮೂಟೆ ರಾಗಿ ಕಣ್ಣೆದುರೇ ಹಿಟ್ಟಾಗುವುದನ್ನು ನೋಡಿದಳು. ನಾನು ಕೈಯಿಟ್ಟೆ; ಹಿಟ್ಟು ಕರುವಿನ ಮೈಯಷ್ಟು ಬೆಚ್ಚಗಿತ್ತು.

“ಸುಟ್ಟೋಗ್ಬುಟ್ಟದೆ ಕಣಮ್ಮಿ,” ಎಂದಳು ಜೊತೆಗೆ ಬಂದಿದ್ದ ಅಜ್ಜಿ, ಅಮ್ಮನಿಗೆ. “ಬಾಯ್ಗೆ ಹಿಡಿಸ್ನಿಲ್ಲ ಅಂದ್ರೆ ನಾಳಿಕ್ಕೆ ನೀನೇ ಬೀಸ್ಬೇಕು.”

ಸಂಜೆ ಅಜ್ಜಿ ಅದೇ ಹಿಟ್ಟಿನ ಮುದ್ದೆ ಮುರಿದು ನುಂಗುವಾಗ ಅಮ್ಮ ಅವಳ ಗಂಟಲನ್ನೇ ನೋಡುತ್ತಿದ್ದಳು.

“ಇನ್ನರ್ಧ ಇಕ್ಕು. ಕಲ್ಲು ಅತ್ಲಾಗಿರ್ಲಿ ಬುಡು.”

ಮರುದಿನ ನನಗೆ ಎಚ್ಚರವಾದಾಗ ಬೆಳಕು ಹರಿದಿತ್ತು. ಅಮ್ಮ ಮಗ್ಗುಲಲ್ಲೇ ಇದ್ದಳು. ಅವಳು ನಿದ್ದೆ ಮಾಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಲುಗಾಡದೆ ನೋಡುತ್ತ ಮಲಗಿದೆ.