ಒತ್ತಾಗಿ ಎದ್ದ ಗೋಧಿ

ಗೋಧಿ ಸಸಿಗಳಿಗೆ ಮಾತು ಬಂದ ಮೇಲೆ ದಾನವ್ವನಿಗೆ ಹೊಲವೆಂದರೆ ದಿನಾ ಪಂಚಾಯ್ತಿ. ಈ ಸಲ ಹಕ್ಕಿಗಳ ಪಾಲೆಂದು ಬಿತ್ತುವ ಕೂರಿಗೆಗೆ ಹೆಚ್ಚು ಬೀಜ ಸುರಿದಿದ್ದಳು, ಹಕ್ಕಿಗಳು ಬರಲಿಲ್ಲ; ಬಿದ್ದ ಬೀಜವೆಲ್ಲ ಮೊಳೆಯಿತು. ಸಾಲಿನಲ್ಲಿ ನೂಕುನುಗ್ಗಲು.

"ಯವ್ವಾ, ಯೂರಿಯಾ ಹಾಕು!" ಎಂದು ಹಸಿದ ಸಸಿಗಳು ಕೂಗಿದವು.

"ನೆಲದಾಗ ಹಸೀನ ಇಲ್ಲ, ಸುಟ್ಟು ಹೋಗ್ತೀರಿ! ಅರ್ಧ ಮಂದಿ ಇಲ್ಲಿಂದ ಎದ್ರ ಉಳಿದವ್ರರ ತೆನಿ ಹಿಡೀತಾರ. ಯಾರು ಏಳ್ತೀರಿ?"

ಎಲ್ಲವೂ ತಲೆ ತಗ್ಗಿಸಿದವು. ಬಲವಂತವಾಗಿ ಕೀಳಲು ಅವಳಿಗೂ ಮನಸ್ಸಾಗಲಿಲ್ಲ.

"ಎದ್ದವ್ರನ್ನ ನಮ್ಮ ಹಿತ್ತಲದಾಗ ಹಚ್ತೀನಿ. ಬಚ್ಚಲ ನೀರೈತಿ," ಎಂದಳು ಮೆಲ್ಲಗೆ.

ಬಡಕಲು ಸಸಿಯೊಂದು ತಲೆಯೆತ್ತಿತು. "ನನ್ನ ಒಯ್ಯಿ ಯವ್ವಾ. ಬಾಜೂದವ ಗೊರಕಿ ಹೊಡೀತಾನ."

ಪಕ್ಕದ ಸಸಿ ಕೂಡಲೇ ಒಪ್ಪಿಕೊಂಡಿತು. "ಹೌದ ಯವ್ವಾ, ಭಾಳ ಹೊಡೀತೀನಿ. ನನ್ನನ್ನ ಒಯ್ದುಬಿಡು!"

ತಾವೂ ಗೊರಕೆ ಹೊಡೆಯುವವರೇ ಎಂದು ಸಾಲೆಲ್ಲ ಕೂಗಿತು. ದಾನವ್ವ ನಗುತ್ತ ಒಂದು ಬಿಟ್ಟು ಒಂದನ್ನು ಕಿತ್ತು ಬುಟ್ಟಿಗಿಟ್ಟಳು. ಉಳಿದವು ಆಸೆ ಬಿಡದೆ ಹಾಡಹಗಲೇ ಗೊರಕೆ ಹೊಡೆಯತೊಡಗಿದವು.